ರಾಣಿ ಹಾರದ ಬುರುಜು

"ಇನ್ನೊಂದು ಸಲ ಹತ್ತಿ," ಎಂದಳು ಇನ್‌ಸ್ಪೆಕ್ಟರ್.

ಬುರುಜಿನ ಬಾಗಿಲಲ್ಲಿ ಕೂತು ಏದುಸಿರು ಬಿಡುತ್ತಿದ್ದ ದಫೇದಾರ ತಲೆಯೆತ್ತಿದ. "ಮೇಷ್ಟ್ರು ಹೇಗೆ ಸತ್ತರು ಅಂತ ಗೊತ್ತಾಗಬೇಕಾದ್ರೆ ನಾನೂ ಸಾಯಲೇಬೇಕಾ ಮೇಡಂ?"

"ಈ ಸಲ ಬಲಗಾಲು ಮಡಚಬೇಡಿ. ಅವರ ಮಂಡಿ ಮಡಚ್ತಾ ಇರಲಿಲ್ಲ. ಕೋಲೂ ಬೇಡ, ಅದು ಕೆಳಗೇ ಸಿಕ್ಕಿತ್ತು."

ದಫೇದಾರ ಟೋಪಿ ತೆಗೆದು ಕಲ್ಲಿನ ಮೇಲಿಟ್ಟು, ಹೊಟ್ಟೆ ಒಳಗೆಳೆದುಕೊಂಡು ಮೆಟ್ಟಿಲಿಗೆ ನುಗ್ಗಿದ. ಒಬ್ಬರ ಹಿಂದೆ ಒಬ್ಬರು ಹೋಗಬಹುದಾದಷ್ಟೇ ಅಗಲದ ಸುರುಳಿ ಮೆಟ್ಟಿಲು. ಎಡಕ್ಕೆ ನಡುಗಂಬ, ಬಲಕ್ಕೆ ಹೊರಗೋಡೆ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು.

ಮೊದಲ ತಿರುವಿನಲ್ಲೇ ಅವನ ಕೂಗು ಕೇಳಿಸಿತು. "ಆಗಲ್ಲ ಮೇಡಂ! ಒಂದೊಂದು ಮೆಟ್ಟಿಲು ಮಂಡಿಯೆತ್ತರ ಇದೆ. ಮುಂದೆ ಯಾರಾದ್ರೂ ಕೈ ಹಿಡಿದು ಎಳೆದರೆ ಉಂಟು, ಇಲ್ಲದಿದ್ರೆ ಇಲ್ಲ."

ಅವಳು ಬಾಗಿಲಲ್ಲೇ ನಿಂತಿದ್ದಳು. ಕೋಟೆ ಮೇಷ್ಟ್ರು ಅಂತ ಎಲ್ಲರೂ ಕರೆಯುತ್ತಿದ್ದ ಮುದುಕ ಗೈಡು, ಜಿಲ್ಲೆಯ ಹೊಸ ಗಡಿ ಗೊತ್ತುಮಾಡುವ ಸಮಿತಿಯವರು ಕೋಟೆ ನೋಡಲು ಬಂದಿದ್ದ ದಿನವೇ ಈ ಬುರುಜಿನ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದರು. ಅವತ್ತಿನಿಂದ ಅವಳು ಇಲ್ಲಿಗೆ ಎಷ್ಟೋ ಸಲ ಬಂದಿದ್ದಳು. ಹೊಸಿಲು ಮಾತ್ರ ದಾಟಿರಲಿಲ್ಲ.

ಯಾಕೆ ಅಂತ ದಫೇದಾರನಿಗೆ ಗೊತ್ತಿತ್ತು. ಕಳೆದ ವರ್ಷ ಅವಳ ಅಕ್ಕನ ಒಬ್ಬಳೇ ಮಗಳು ಇದೇ ಬುರುಜಿನ ಮೇಲಿಂದ ಹಾರಿ ಪ್ರಾಣ ಬಿಟ್ಟಿದ್ದಳು. ಆಮೇಲೆ ಬಾಗಿಲಿಗೆ ಕಬ್ಬಿಣದ ಸರಳು ಹಾಕಿಸಿದ್ದರು. ಅದನ್ನು ತೆಗೆದದ್ದು ಸಮಿತಿಯವರಿಗೆ ತೋರಿಸುವುದಕ್ಕೆಂದೇ.

"ಬಿಡಿ ಮೇಡಂ," ದಫೇದಾರ ಒಳಗಿಂದ ಮೆಲ್ಲಗೆ ಅಂದ. "ಸ್ಟೇಷನ್ನಿಂದ ಬೇರೆ ಯಾರನ್ನಾದ್ರೂ ಕರೆಸೋಣ."

ಅವಳು ಒಳಗೆ ಕಾಲಿಟ್ಟಳು. ಅವನ ಪಕ್ಕದಲ್ಲಿ ಹೇಗೋ ನುಸುಳಿ ಮೇಲಿನ ಮೆಟ್ಟಿಲಿಗೆ ಹೋದಳು. ತಿರುಗಿ ನಿಂತು ಕೈ ಚಾಚಿದಳು. ಹಾಗೆ ಎಳೆಯಬೇಕಾದರೆ ಬೆನ್ನನ್ನು ಗೋಡೆಗೆ ಒತ್ತಿ, ಅಡ್ಡಡ್ಡವಾಗಿ ಹತ್ತಬೇಕಿತ್ತು. ಒಂದು ಮೆಟ್ಟಿಲು, ಒಂದು ಎಳೆತ. ಮತ್ತೊಂದು ಮೆಟ್ಟಿಲು, ಮತ್ತೊಂದು ಎಳೆತ. ಮೇಲಿನ ಬೆಳಕು ಕಾಣುವ ಹೊತ್ತಿಗೆ ಅವಳು ನಿಂತುಬಿಟ್ಟಳು. ಅಲ್ಲಿಂದಾಚೆ ಕಾಲು ಏಳಲಿಲ್ಲ.

"ಸಾಕು. ಇಳಿಯಿರಿ."

ತಿರುಗಲು ಜಾಗವಿಲ್ಲದೆ ಹಿಮ್ಮುಖವಾಗಿಯೇ ಇಳಿದು ಹೊರಗೆ ಬಿಸಿಲಿಗೆ ಬಂದಾಗ ದಫೇದಾರನ ಬಲಭುಜ ಬೆಳ್ಳಗಾಗಿತ್ತು. ಎಡಭುಜ ಹಾಗೇ ಇತ್ತು. ಮೇಷ್ಟ್ರ ಅಂಗಿಯೂ ಥೇಟ್ ಹೀಗೇ ಇತ್ತು.

"ಅಂದ್ರೆ ಮೇಷ್ಟ್ರನ್ನ ಒಬ್ಬರು ಕೈ ಹಿಡಿದು ಮೇಲೆ ಕರ್ಕೊಂಡು ಹೋಗಿದ್ದಾರೆ," ಅಂದಳು.

"ಯಾರು ಅಂತ ಹೇಗೆ ಹುಡುಕೋದು?" ಎನ್ನುತ್ತ ಅವನು ಅವಳ ಹಿಂದೆ ಬಂದವನು ಗಕ್ಕನೆ ನಿಂತ. "ಅಯ್ಯೋ ಮೇಡಂ, ನಿಮ್ಮ ಬೆನ್ನು ನೋಡಿಕೊಳ್ಳಿ! ಗೋಡೆ ಪೂರಾ ನಿಮ್ಮ ಮೇಲೇ ಇದೆ."

ಅವಳು ಕತ್ತು ತಿರುಗಿಸಿ ನೋಡಿಕೊಂಡಳು. ಭುಜದಿಂದ ಸೊಂಟದವರೆಗೆ ಖಾಕಿಯ ಮೇಲೆ ದಪ್ಪನೆಯ ಬಿಳಿ ಪಟ್ಟೆ.

ಕೊಡವಲು ಎತ್ತಿದ ಕೈಯನ್ನು ಅವಳು ಹಾಗೇ ಇಳಿಸಿದಳು.

ಮೇಷ್ಟ್ರು ಸತ್ತ ದಿನ ಸಂಜೆ ಅವಳು ಅಕ್ಕನ ಮನೆಗೆ ಹೋಗಿದ್ದಳು. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತು ಭಾವನ ಬೂದು ಕೋಟನ್ನು ತಿಕ್ಕುತ್ತಿದ್ದಳು. ಆ ಕೋಟು ಯಾವಾಗಲೂ ಇಸ್ತ್ರಿ ಅಂಗಡಿಗೆ ಹೋಗುತ್ತಿದ್ದದ್ದು. ಕೇಳಿದ್ದಕ್ಕೆ ಅಕ್ಕ, "ಟೀ ಚೆಲ್ಲಿಕೊಂಡ್ರು ಕಣೆ," ಅಂದಿದ್ದಳು. ಟೀ ಎದೆ ಮೇಲೆ ಚೆಲ್ಲುತ್ತದೆ. ಅಕ್ಕ ತಿಕ್ಕುತ್ತಿದ್ದದ್ದು ಬೆನ್ನನ್ನು.

"ಏನು ಮೇಡಂ?"

"ಏನಿಲ್ಲ."

ಸುಳ್ಳು ಎಷ್ಟು ಸಲೀಸಾಗಿ ಬಂತು! ಈಗಲೇ ಮೇಲಧಿಕಾರಿಗೆ ಫೋನ್ ಮಾಡಿ, ಈ ಕೇಸು ನನ್ನ ಮನೆ ಬಾಗಿಲಿಗೆ ಬಂದಿದೆ, ಬೇರೆಯವರಿಗೆ ಕೊಡಿ ಎನ್ನಬೇಕಿತ್ತು. ಫೋನು ಕೈಯಲ್ಲೇ ಇತ್ತು. ಅದನ್ನು ಜೇಬಿಗೆ ಹಾಕಿಕೊಂಡಳು.

"ಇನ್ನೊಂದು ವಿಷಯ," ದಫೇದಾರ ಭುಜ ಕೊಡವಿಕೊಳ್ಳುತ್ತ ಅಂದ. "ಮೇಷ್ಟ್ರ ಮೈಕು. ಹೆಣದ ಕಾಲರ್‌ನಲ್ಲಿ ಸಿಕ್ಕಿಸಿದ್ದ ಮೈಕು ಆನ್ ಆಗೇ ಇತ್ತು, ಹಸಿರು ದೀಪ ಉರೀತಿತ್ತು. ಇಲ್ಲಿ ಮರದ ಕೆಳಗಿದ್ದ ಸ್ಪೀಕರ್ ಡಬ್ಬಿ ಮಾತ್ರ ಆಫ್. ಮರೆತಿದ್ರೆ ಎರಡನ್ನೂ ಮರೀಬೇಕಿತ್ತಲ್ಲ?"

ಅವಳು ಉತ್ತರ ಕೊಡುವಷ್ಟರಲ್ಲಿ ಕೋಟೆಯ ಕೆಳಬಾಗಿಲಿಂದ ಒಂದು ದೊಡ್ಡ ದೇಹ ಉಸ್ಸೆನ್ನುತ್ತ ಹತ್ತಿ ಬಂತು. ಬೆಟ್ಟದ ಬುಡದಲ್ಲಿ ದೊಡ್ಡ ಹೋಟೆಲು ಇಟ್ಟುಕೊಂಡು, ಕೋಟೆಗೆ ರೋಪ್‌ವೇ ಹಾಕಿಸಬೇಕೆಂದು ವರ್ಷಗಟ್ಟಲೆ ಓಡಾಡುತ್ತಿದ್ದ ಸಾಹುಕಾರ. ಊರವರ ಬಾಯಲ್ಲಿ ಮೊದಲ ಗುಮಾನಿ ಇವನ ಮೇಲೇ. ಮೇಷ್ಟ್ರಿಗೂ ಇವನಿಗೂ ನಡುರಸ್ತೆಯಲ್ಲಿ ಜಗಳವಾಗಿತ್ತು.

"ಕೋಟೆ ಯಾವಾಗ ತೆಗೀತೀರಮ್ಮ? ಬಂದ ಜನ ಎಲ್ಲ ವಾಪಸ್ ಹೋಗ್ತಿದ್ದಾರೆ."

"ಮೇಷ್ಟ್ರನ್ನ ಕಂಡರೆ ನಿಮಗೆ ಆಗ್ತಿರಲಿಲ್ಲ ಅಂತಾರೆ."

"ಆಗ್ತಿರಲಿಲ್ಲ. ಅದಕ್ಕೆ ನಾನೇ ತಳ್ಳಿದೆ ಅಂತೀರಾ?" ಅವನು ಬುರುಜಿನ ಬಾಗಿಲತ್ತ ಕೈ ತೋರಿಸಿದ. "ಹೋದ ವಾರ ಸುಣ್ಣ ಬಳಿಯೋಕೆ ಮುಂಚೆ ಒಳಗೆ ನೋಡೋಣ ಅಂತ ಹೋದೆ. ಎರಡನೇ ಮೆಟ್ಟಿಲಲ್ಲಿ ಸಿಕ್ಕಿಹಾಕಿಕೊಂಡೆ. ಕೆಲಸದವರು ಬಂದು ಬಿರಡೆ ಕಿತ್ತ ಹಾಗೆ ಕಿತ್ತರು. ಬೇಕಾದ್ರೆ ಅವರನ್ನೇ ಕೇಳಿ, ಇನ್ನೂ ನಗ್ತಿದ್ದಾರೆ."

ದಫೇದಾರ ಆಚೆ ತಿರುಗಿ ಕೆಮ್ಮಿದ. ಸಾಹುಕಾರನ ಭುಜ ಆ ಮೆಟ್ಟಿಲಿಗಿಂತ ಅಗಲ ಇತ್ತು. ಆ ಗುಮಾನಿ ಅಲ್ಲಿಗೆ ಮುಗಿಯಿತು.

"ಮೇಷ್ಟ್ರು ಸಮಿತಿ ಮುಂದೆ ಏನು ಹೇಳಬೇಕು ಅಂತಿದ್ರು?"

ಸಾಹುಕಾರನ ಮುಖ ಸಪ್ಪಗಾಯಿತು. "ಅದೇ ನನಗೂ ಗೊತ್ತಾಗಲಿಲ್ಲ. ಜಿಲ್ಲೆ ಎರಡಾಗುತ್ತೆ, ಕೋಟೆ ನಮ್ಮ ಪಾಲಿಗೋ ಕೆರೆಯೂರಿನ ಪಾಲಿಗೋ ಅಂತ ಎಲ್ಲರ ಜೀವ ಬಾಯಿಗೆ ಬಂದಿತ್ತು. ರಾಣಿ ಈ ಬುರುಜಿಂದ ಹಾರಿ ಪ್ರಾಣ ಬಿಟ್ಟದ್ದು ನಮ್ಮ ಬದಿ, ಅದಕ್ಕೆ ಕೋಟೆ ನಮ್ಮದು ಅಂತ ತಾನೇ ನಮ್ಮ ವಾದ? ಮೇಷ್ಟ್ರು ನನ್ನ ಹತ್ರ ಬಂದು, 'ಇವತ್ತು ಎಲ್ಲಾ ತಿರುಗಿಸಿ ಹಾಕ್ತೀನಿ, ನೋಡ್ತಿರು,' ಅಂದ್ರು." ತುಸು ತಡೆದು ಸೇರಿಸಿದ. "ನಿಮ್ಮ ಭಾವನೂ ಅವರನ್ನ ಹುಡುಕ್ತಾ ಇದ್ರು. ಊಟದ ಹೊತ್ತಲ್ಲಿ. ಅವರಿಗೆ ಏನಾದ್ರೂ ಗೊತ್ತಿರಬಹುದು, ಕೇಳಿ."

ಭಾವ ಜಿಲ್ಲೆಯ ಪ್ರವಾಸೋದ್ಯಮ ಅಧಿಕಾರಿ. ಊಟದ ಹೊತ್ತಿನಲ್ಲಿ ಸಮಿತಿಯವರ ಜೊತೆ ಕೆಳಗಿನ ಶಾಮಿಯಾನದಲ್ಲೇ ಇದ್ದೆ, ಒಂದು ಗಳಿಗೆಯೂ ಎದ್ದಿಲ್ಲ ಅಂತ ಹೇಳಿಕೆ ಕೊಟ್ಟಿದ್ದರು. ಅದನ್ನು ಬರೆದುಕೊಂಡವಳು ಅವಳೇ.

"ನೀವು ಸ್ಟೇಷನ್‌ಗೆ ಹೋಗಿ," ಎಂದಳು ದಫೇದಾರನಿಗೆ. "ನಾನು ಬರ್ತೀನಿ."

ಅವನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅಂತ ಅವಳಿಗೆ ಅನ್ನಿಸಿತು.

*

ಜಿಲ್ಲಾಧಿಕಾರಿಗಳ ಹಳೇ ಬಂಗಲೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದರು. ಎತ್ತರದ ಕೋಣೆಗಳು, ನಡೆದರೆ ಕಿರುಗುಟ್ಟುವ ಮರದ ನೆಲ. ಹಿಂದೆ ಜನ ಅರ್ಜಿ ಹಿಡಿದು ಕಾಯುತ್ತಿದ್ದ ನಡುಮನೆಯಲ್ಲಿ ಈಗ ಇಡೀ ಜಿಲ್ಲೆಯ ಮಣ್ಣಿನ ಮಾದರಿ ಇತ್ತು. ಬೆಟ್ಟದ ಸಾಲು, ನೀಲಿ ಗಾಜಿನ ಕೆರೆ, ಜಲಪಾತದ ಜಾಗದಲ್ಲಿ ಹತ್ತಿ, ನಡುವೆ ಬೆರಳುದ್ದದ ಕೋಟೆ. ಹೊಸ ಗಡಿ ಹೀಗೆ ಬರಬಹುದು ಎಂದು ತೋರಿಸಲು ಒಂದು ಕೆಂಪು ದಾರ.

ಭಾವ ಬಗ್ಗಿ ಆ ದಾರ ಸರಿಪಡಿಸುತ್ತಿದ್ದರು. ಬೆಟ್ಟದ ಆಚೆಗೊಂದು ಸಲ, ಈಚೆಗೊಂದು ಸಲ.

"ಬಾ ಪುಟ್ಟಿ," ಎಂದರು ತಲೆಯೆತ್ತದೆ. "ಅಕ್ಕ ಕಳಿಸಿದಳಾ?"

ಪುಟ್ಟಿ ಅಂತ ಅವಳನ್ನು ಕರೆಯುವವರು ಇಬ್ಬರೇ ಉಳಿದಿದ್ದರು. ಅಮ್ಮ ಹೋದ ಮೇಲೆ ಅವಳನ್ನು ಸಾಕಿದ್ದು ಅಕ್ಕ ಭಾವ. ಪೊಲೀಸ್ ಪರೀಕ್ಷೆಗೆ ಅವಳು ಓಡುವುದನ್ನು ಕಲಿತದ್ದು ಇದೇ ಭಾವನ ಸೈಕಲ್ಲಿನ ಹಿಂದೆ.

ಅವಳು ಸುಣ್ಣ ಮೆತ್ತಿದ ಬೆನ್ನು ತಿರುಗಿಸಿ ನಿಂತಳು.

ಭಾವನ ಕೈಯಿಂದ ದಾರ ಜಾರಿತು.

ಅವಳು ತಿರುಗಿದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಮಾದರಿಯ ಅಂಚು ಹಿಡಿದುಕೊಂಡು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು.

"ನೀನು ಒಳಗೆ ಹೋದ್ಯಾ? ನೀನು ಹೋಗಲ್ಲ ಅಂದ್ಕೊಂಡಿದ್ದೆ."

"ಅದನ್ನೇ ನಂಬಿಕೊಂಡಿದ್ರಾ ಭಾವ?"

ಅವರು ಬಗ್ಗಿ ಬಿದ್ದ ದಾರ ಎತ್ತಿಕೊಂಡರು.

"ಮೇಷ್ಟ್ರನ್ನ ಮೇಲೆ ಕರ್ಕೊಂಡು ಹೋದದ್ದು ನೀವು."

"ಅವರೇ ಕೇಳಿದ್ರು. 'ಆ ಮಗು ನಿಂತ ಜಾಗ ನೋಡಬೇಕು, ಒಂದು ಸಲ ಕರ್ಕೊಂಡು ಹೋಗೋ,' ಅಂದ್ರು. ನನಗೆ ಅಕ್ಷರ ಕಲಿಸಿದವರು ಪುಟ್ಟಿ. ಅವರಿಗೆ ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ."

"ಜನ ಎಲ್ಲಿದ್ರು?"

"ಎಲ್ಲರೂ ಊಟಕ್ಕೆ ಇಳಿದಿದ್ರು. ಊಟ ಆದಮೇಲೆ ಮೇಷ್ಟ್ರು ಮಾತಾಡಬೇಕಿತ್ತು."

"ಏನು ಮಾತಾಡಬೇಕಿತ್ತು?"

ಭಾವ ಬೆರಳಿಂದ ಪುಟ್ಟ ಕೋಟೆಯನ್ನು ಮುಟ್ಟಿದರು.

"ರಾಣಿ ಹಾರಲಿಲ್ಲ ಅಂತ."

ಅವಳಿಗೆ ಅರ್ಥವಾಗಲಿಲ್ಲ. ಶತ್ರು ಬಾಗಿಲು ಮುರಿದಾಗ ರಾಣಿ ದೀಪ ಹಿಡಿದುಕೊಂಡು ಬುರುಜು ಹತ್ತಿ ಕೆಳಗೆ ಹಾರಿದಳು. ಬುರುಜಿನ ಮುಂದೆ ಕಲ್ಲಿನ ಮೇಲೆ ಕೆತ್ತಿಸಿದ್ದು ಅದೇ. ಶಾಲೆಯ ನಾಟಕದಲ್ಲಿ ಅಕ್ಕನ ಮಗಳು ಹಾಕಿದ ವೇಷ ಅದೇ.

"ಹಾರಲಿಲ್ಲ ಅಂದ್ರೆ?"

"ಅವಳು ಮುದುಕಿಯಾಗಿ, ಹಲ್ಲೆಲ್ಲ ಉದುರಿ, ಕೆರೆಯೂರಲ್ಲಿ ಹಾಸಿಗೆ ಮೇಲೆ ಸತ್ತಳು. ಸಮಾಧಿನೂ ಅಲ್ಲೇ ಇದೆ. ಈ ಕೆರೆ ಕಟ್ಟಿಸಿದ್ದು ಅವಳು. ಊರೂರಿಗೆ ಗಡಿಕಲ್ಲು ನೆಡಿಸಿದ್ದು ಅವಳು. ಇವತ್ತಿನ ಜಿಲ್ಲೆ ಅವಳು ಹಾಕಿದ ಗೆರೆ ಮೇಲೇ ನಿಂತಿದೆ. ಆದ್ರೆ ಕೆರೆ ಕಟ್ಟಿಸಿದ ಮುದುಕೀನ ನೋಡೋಕೆ ಯಾರು ಬಸ್ಸು ಮಾಡ್ಕೊಂಡು ಬರ್ತಾರೆ ಪುಟ್ಟಿ?"

ಅವಳು ಹತ್ತಿರ ಬಂದು ಗಾಜಿನ ಕೆರೆಯನ್ನು ನೋಡಿದಳು.

"ನಾನು ಕೆಲಸಕ್ಕೆ ಸೇರಿದಾಗ ಆ ಕೋಟೇಲಿ ದನ ಮೇಯ್ತಿದ್ವು. ಏನಾದ್ರೂ ಮಾಡಬೇಕು ಅಂತ ಕೂತು ಈ ಕಥೆ ಕಟ್ಟಿದೆ. ಕಲ್ಲಿನ ಮೇಲೆ ಕೆತ್ತಿಸಿದೆ. ಮೇಷ್ಟ್ರಿಗೆ ಹೇಳಿ ಅಂತ ಕಾಲು ಹಿಡಿದೆ. ಸುಳ್ಳು ಅಂತ ಅವರಿಗೆ ಗೊತ್ತಿತ್ತು. ನನ್ನ ಮುಖ ನೋಡಿ ಒಪ್ಪಿಕೊಂಡ್ರು. ಅವರ ಬಾಯಲ್ಲಿ ಅದು ಎಷ್ಟು ಚಂದ ಬಂತು ಅಂದ್ರೆ, ಕೇಳಿದ ಹೆಂಗಸರು ಕಣ್ಣೊರೆಸಿಕೊಳ್ಳೋರು. ಹೋಟೆಲು ಬಂದ್ವು, ರಸ್ತೆ ಬಂತು. ಜಿಲ್ಲೆಗೆ ಹೆಸರು ಬಂತು."

"ನಮ್ಮ ಗುಬ್ಬಿಗೂ ಅದನ್ನೇ ಹೇಳಿದ್ರಿ." ಗುಬ್ಬಿ ಎಂದರೆ ಅಕ್ಕನ ಮಗಳು. ಆ ಹೆಸರನ್ನು ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಬಾಯಲ್ಲಿ ಆಡಿರಲಿಲ್ಲ.

ಭಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ತೊಡೆ ಮೇಲೆ ಕೂರಿಸಿಕೊಂಡು ಹೇಳ್ತಿದ್ದೆ. ಅವಳ ಮನಸ್ಸಲ್ಲಿ ಬೇರೆ ಏನೇನು ನೋವಿತ್ತೋ, ನಾವ್ಯಾರೂ ಕೂತು ಕೇಳಲಿಲ್ಲ. ಕಥೆಯೊಂದೇ ಕಾರಣ ಅಂತ ಮೇಷ್ಟ್ರೂ ಅನ್ನಲಿಲ್ಲ. ಆದ್ರೆ, 'ಆ ಜಾಗಕ್ಕೆ ದಾರಿ ತೋರಿಸಿದ್ದು ನಾವಿಬ್ಬರು ಕಣೋ,' ಅಂತಿದ್ರು. ಆಮೇಲೆ ಒಂದು ದಿನವೂ ಅವರು ಆ ಕಥೆ ಹೇಳಲಿಲ್ಲ. ಕೆರೆ ಬಗ್ಗೆ ಹೇಳೋರು, ಗಡಿಕಲ್ಲಿನ ಬಗ್ಗೆ ಹೇಳೋರು. ಜನ ಅರ್ಧಕ್ಕೇ ಎದ್ದು ಹೋಗೋರು."

ಹೊರಗೆ ತೋಟದಲ್ಲಿ ಯಾರೋ ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದರು. ಆ ಸದ್ದು ಕೋಣೆಯೊಳಗೆಲ್ಲ ತುಂಬಿತ್ತು.

"ಮೇಲೆ ಏನಾಯ್ತು?" ಎಂದಳು. ದನಿ ಪೊಲೀಸರದ್ದಾಗಿರಲಿ ಎಂದು ಯತ್ನಿಸಿದಳು. ಆಗಲಿಲ್ಲ.

"ಬೇಡಿಕೊಂಡೆ. ಇವತ್ತೊಂದು ದಿನ ಸುಮ್ಮನಿರಿ, ಕೋಟೆ ನಮ್ಮದಾಗಲಿ, ಆಮೇಲೆ ಕಲ್ಲನ್ನ ನಾನೇ ಒಡೆಸ್ತೀನಿ ಅಂದೆ. ಅವರು ಮೋಟುಗೋಡೆ ಹತ್ರ ಕೂತುಬಿಟ್ರು. 'ನಿನಗೆ ಕೋಟೆ ಬೇಕು, ನನಗೆ ನಿದ್ದೆ ಬೇಕು,' ಅಂದ್ರು. ನನಗೆ ಸಿಟ್ಟು ನೆತ್ತಿಗೇರಿತು. 'ಹಾಗಾದ್ರೆ ನೀವೇ ಇಳಿದು ಬನ್ನಿ,' ಅಂತ ಬಿಟ್ಟು ಬಂದೆ." ಅವರ ದನಿ ಒಡೆಯಿತು. "ಕೋಲು ಕೆಳಗಿತ್ತು. ಕಾಲು ಮಡಚಲ್ಲ. ಮೋಟುಗೋಡೆ ಸಡಿಲ ಇದೆ ಅಂತ ಗೊತ್ತು, ರಿಪೇರಿಗೆ ಬರೆದಿದ್ದವನು ನಾನೇ. ಗೊತ್ತಿದ್ದೂ ಗೊತ್ತಿದ್ದೂ ಆ ಮುದುಕರನ್ನ ಅಲ್ಲಿ ಬಿಟ್ಟು ಬಂದೆ ಪುಟ್ಟಿ. ತಳ್ಳಿಲ್ಲ. ಆದ್ರೆ ತಳ್ಳಿದ್ದಕ್ಕಿಂತ ಇದು ಕಡಿಮೆ ಏನು?"

ಅವಳು ಆ ಮುಖವನ್ನೇ ನೋಡಿದಳು. ಸುಳ್ಳು ಹೇಳುವವರನ್ನು ಅವಳು ದಿನಾ ನೋಡುತ್ತಿದ್ದಳು. ಭಾವ ಹೇಳುತ್ತಿದ್ದದ್ದು ನಿಜ. ಆದರೆ ಪೂರ್ತಿ ಅಲ್ಲ. ಎಲ್ಲೋ ಒಂದು ಕಡೆ ಮಾತು ಬಂದು ನಿಂತುಬಿಟ್ಟಿತ್ತು.

"ಮೇಷ್ಟ್ರ ಕಾಲರ್‌ನಲ್ಲಿ ಮೈಕು ಇತ್ತು ಭಾವ. ಆನ್ ಇತ್ತು."

ಅವರು ಕಿಟಕಿಯತ್ತ ತಿರುಗಿದರು.

"ಡಬ್ಬಿ ಕೆಳಗೆ ಮರದ ಹತ್ರ ಇತ್ತು. ನೀವಿಬ್ಬರೂ ಮೇಲೆ ಆಡಿದ ಮಾತೆಲ್ಲ ಕೆಳಗೆ ಕೇಳಿಸಿರಬೇಕು. ಹೆಣ ಸಿಕ್ಕಾಗ ಡಬ್ಬಿ ಆಫ್ ಆಗಿತ್ತು. ನೀವು ಆಫ್ ಮಾಡಿದ್ರಾ?"

"ಹೂಂ. ನಾನೇ."

"ಸ್ವಿಚ್ಚು ಎಲ್ಲಿದೆ ಅದರಲ್ಲಿ?"

"ಅದು... ಪಕ್ಕದಲ್ಲೆಲ್ಲೋ ಇದೆ," ಎಂದರು ಭಾವ.

"ಹೇಳಿ ಭಾವ. ಮೇಲಿದೆಯಾ, ಹಿಂದಿದೆಯಾ?"

"ಬಿಟ್ಟುಬಿಡು ಪುಟ್ಟಿ." ಅವರು ಎದ್ದು ಎರಡೂ ಮುಂಗೈ ಜೋಡಿಸಿ ಅವಳ ಮುಂದೆ ಚಾಚಿದರು. "ನನ್ನನ್ನ ಕರ್ಕೊಂಡು ಹೋಗು. ನಾನೇ ತಳ್ಳಿದೆ ಅಂತ ಬರೆದುಕೋ, ಸಹಿ ಹಾಕ್ತೀನಿ. ಇಷ್ಟಕ್ಕೇ ಮುಗಿಸು."

ಅವಳು ಆ ಕೈಗಳನ್ನು ನೋಡಿದಳು. ಒಬ್ಬ ಗಂಡಸು ಹೀಗೆ ಯಾರಿಗಾಗಿ ಕೈ ಚಾಚುತ್ತಾನೆ?

"ಅವತ್ತು ಅಕ್ಕ ಕೋಟೆಗೆ ಬಂದಿದ್ದಳಾ?"

ಅವರು ಚಾಚಿದ ಕೈ ಇಳಿಸಿದರು.

"ಭಾವ!"

"ಊಟದ ಡಬ್ಬಿ ತಂದಿದ್ದಳು," ಎಂದರು ಕೊನೆಗೆ. "ನನಗೆ ಸಕ್ಕರೆ ಕಾಯಿಲೆ ಅಂತ ಶಾಮಿಯಾನದ ಊಟ ಮಾಡೋಕೆ ಬಿಡಲ್ಲ ಅವಳು. ನಾನು ಇಳಿದು ಬರ್ತಿದ್ದ ಹಾಗೆ ಕೆಳಗಿಂದ ಮೇಷ್ಟ್ರು ಅಳೋದು ಕೇಳಿಸಿತು. ಅವರು ಇದ್ದದ್ದು ಮೇಲೆ, ಅಳು ಕೇಳಿಸಿದ್ದು ಕೆಳಗೆ. ಹೊರಗೆ ಬಂದು ನೋಡಿದ್ರೆ ನಿನ್ನ ಅಕ್ಕ ಮರದ ಕೆಳಗೆ ಆ ಸ್ಪೀಕರ್ ಡಬ್ಬಿ ಪಕ್ಕ ಕೂತಿದ್ದಳು. ಯಾವಾಗಿಂದ ಕೂತಿದ್ದಳೋ ಗೊತ್ತಿಲ್ಲ."

"ಅವಳಿಗೆ ಈ ಕಥೆ..."

"ಗೊತ್ತಿರಲಿಲ್ಲ. ನಿಜವಾದ ರಾಣಿ, ನಿಜವಾಗಿ ಹಾರಿದಳು ಅಂತಲೇ ನಂಬಿದ್ದಳು. ಅದನ್ನ ಕಟ್ಟಿದವನು ನಾನು ಅಂತ ಆ ಡಬ್ಬಿಯಿಂದಲೇ ಕೇಳಿಸಿಕೊಂಡಳು. ಮಗಳು ಹೋದಮೇಲೂ ಅವಳಿಗೆ ಹೇಳೋಕೆ ನನಗೆ ಧೈರ್ಯ ಬಂದಿರಲಿಲ್ಲ."

"ಅಕ್ಕ ಏನಂದಳು?"

"ಬೈದಿದ್ರೆ ಚೆನ್ನಾಗಿತ್ತು. ಹೊಡೆದಿದ್ರೂ ಆಗ್ತಿತ್ತು. ಕೈ ಚಾಚಿ ಡಬ್ಬಿ ಆಫ್ ಮಾಡಿದಳು. 'ನಿಮ್ಮನ್ನ ಸಮಿತಿಯವರು ಕರೀತಿದ್ದಾರೆ, ಹೋಗಿ. ಮೇಷ್ಟ್ರನ್ನ ನಾನು ಇಳಿಸ್ಕೊಂಡು ಬರ್ತೀನಿ,' ಅಂದಳು. ನಾನು ಹೋದೆ." ಭಾವ ಸ್ಟೂಲಿನ ಮೇಲೆ ಮತ್ತೆ ಕುಸಿದರು. "ಶಾಮಿಯಾನದಲ್ಲಿ ಕೂತಿದ್ದಾಗ ಕಿರುಚಾಟ ಕೇಳಿಸಿತು. ಸಂಜೆ ಮನೆಗೆ ಹೋದರೆ ಅವಳು ನನ್ನ ಕೈಲಿದ್ದ ಕೋಟು ಇಸ್ಕೊಂಡು ಒಗೆದು ಹಾಕಿದಳು. ಒಂದೇ ಮಾತು ಆಡಲಿಲ್ಲ. ನಾನೂ ಕೇಳಲಿಲ್ಲ. ಒಂದೇ ಸೂರಿನ ಕೆಳಗೆ ಇದ್ದೀವಿ, ಎದುರು ಬದುರು ಕೂತು ಊಟ ಮಾಡ್ತೀವಿ. ಕೇಳೋಕೆ ನಾಲಿಗೆ ಏಳಲ್ಲ. ಅವಳು ಹೌದು ಅಂದುಬಿಟ್ರೆ? ಆಮೇಲೆ ಆ ಪಾಪ ಯಾರದ್ದು? ಅವಳದ್ದಾ, ನನ್ನದಾ?"

ಅಕ್ಕನ ಕೈ ಕಣ್ಣ ಮುಂದೆ ಬಂತು. ಜ್ವರ ಬಂದಾಗ ಹಣೆ ಮುಟ್ಟುತ್ತಿದ್ದ ಕೈ, ಮೊದಲ ಸಲ ಸಮವಸ್ತ್ರ ಹಾಕಿದಾಗ ಕಾಲರ್ ಸರಿಮಾಡಿದ ಕೈ. ಬೆಳಗ್ಗೆಯೇ ಕೇಸು ಬಿಟ್ಟುಕೊಟ್ಟಿದ್ದರೆ ಈ ಮಾತು ಬೇರೆ ಯಾರ ಕಿವಿಗೋ ಬೀಳುತ್ತಿತ್ತು. ಈಗ ಬಿದ್ದದ್ದು ತನ್ನ ಕಿವಿಗೆ. ಕೇಳಿಸಲಿಲ್ಲ ಎಂದರೆ ಪೊಲೀಸ್ ಅಲ್ಲ, ಕೇಳಿಸಿತು ಎಂದರೆ ತಂಗಿಯಲ್ಲ.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ದಫೇದಾರ.

"ಮೇಡಂ, ಎಲ್ಲಿದ್ದೀರಿ?" ಅವನ ದನಿಯಲ್ಲಿ ಬೆಳಗಿನ ತಮಾಷೆ ಇರಲಿಲ್ಲ. "ನಿಮ್ಮ ಅಕ್ಕ ಸ್ಟೇಷನ್‌ಗೆ ಬಂದು ಕೂತಿದ್ದಾರೆ. ಮೇಷ್ಟ್ರ ಜೊತೆ ಕೊನೇಲಿ ಬುರುಜಿನ ಮೇಲೆ ಇದ್ದದ್ದು ತಾನೇ ಅಂತಿದ್ದಾರೆ."

"ಈಗಲೇ ಹೊರಟೆ."

"ಬೇಡ ಮೇಡಂ. ಅದನ್ನ ಹೇಳೋಕೇ ಫೋನ್ ಮಾಡಿದ್ದು. ನೀವು ಬಂದ್ರೆ ಬಾಯಿ ಬಿಡಲ್ಲ ಅಂತಾರೆ. ಬೇರೆ ಊರಿಂದ ಯಾರಾದ್ರೂ ಆಫೀಸರ್ ಬರಲಿ ಅಂತ ಹಟ ಹಿಡಿದಿದ್ದಾರೆ."

"ಯಾಕಂತೆ?"

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ದಫೇದಾರ ದನಿ ತಗ್ಗಿಸಿದ.

"ಮೇಷ್ಟ್ರು ಕೊನೇಲಿ ಅವರಿಗೆ ಗುಬ್ಬಿ ಬಗ್ಗೆ ಒಂದು ಮಾತು ಹೇಳಿದ್ರಂತೆ ಮೇಡಂ. 'ಅದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ, ನನ್ನ ತಂಗಿ ಮುಂದೆ ಮಾತ್ರ ಹೇಳಲ್ಲ. ಆ ಮಾತಲ್ಲಿ ಅವಳೂ ಇದ್ದಾಳೆ, ಅವಳು ತಡಕೊಳ್ಳಲ್ಲ,' ಅಂತಿದ್ದಾರೆ."